ಕುರಿಗೆ ಕುದುರೆ ಮಸಾಲೆ ಸೊಪ್ಪು: ಸಾರಜನಕ ಮೈಗೆ ಹತ್ತಬೇಕಾದರೆ

ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವಿನ ಬೆಳೆ) ಸೊಪ್ಪು ಹಾಕಿಬಿಟ್ಟರೆ ಕುರಿ ತಾನಾಗೇ ಮೈ ಕಟ್ಟುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಬ್ಬನಿ ಆರುವ ಮೊದಲೇ ಕೊಯ್ದು, ಹಸಿದ ಕುರಿಗಳ ಮುಂದೆ ಹೊರೆಗಟ್ಟಲೆ ಸುರಿಯುತ್ತಾರೆ. ಹೊಟ್ಟೆಯಲ್ಲಿ ನೊರೆ ಕಟ್ಟಿ ಕುರಿ ಉಬ್ಬರಿಸುತ್ತದೆ. ಉಬ್ಬರಿಸದಿದ್ದರೂ ಸೊಪ್ಪಿನ ಸತ್ವ ಮೂತ್ರದಲ್ಲಿ ಹೋಗುತ್ತದೆ.

ಮೊದಲು ಕೊಯ್ಲು. ಅಲ್ಲೊಂದು ಇಲ್ಲೊಂದು ನೇರಳೆ ಹೂ ಕಂಡಾಗ ಕೊಯ್ದು, ನೆರಳಲ್ಲಿ ಮೂರ್ನಾಲ್ಕು ತಾಸು ಬಾಡಿಸಿ.

ಜನ ಎಡವುವುದು ಮುಂದಿನ ಹಂತದಲ್ಲಿ. 1 ಕೆ.ಜಿ. ಹಸಿ ಸೊಪ್ಪಿನಲ್ಲಿ ನೀರು ಕಳೆದರೆ ಉಳಿಯುವುದು ಸುಮಾರು 200 ಗ್ರಾಂ. ಅದರಲ್ಲಿ ಪ್ರೋಟೀನ್ 40 ಗ್ರಾಂ, ಅಂದರೆ 6 ಗ್ರಾಂಗಿಂತ ಸ್ವಲ್ಪ ಜಾಸ್ತಿ ಸಾರಜನಕ. ಕುರಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಪ್ರೋಟೀನನ್ನು ಬೇಗ ಒಡೆದು ಅಮೋನಿಯಾ ಮಾಡುತ್ತವೆ. ಅದೇ ಅಮೋನಿಯಾದಿಂದ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಆಮೇಲೆ ಕುರಿಗೆ ದಕ್ಕುವುದು ಹೆಚ್ಚಾಗಿ ಆ ಜೀವಿಗಳ ಪ್ರೋಟೀನೇ. ಆದರೆ ಅವು ಬೆಳೆಯಲು ಅದೇ ಹೊತ್ತಿಗೆ ಪಿಷ್ಟ, ನಾರು ಸಿಗಬೇಕು. ಸಿಗದಿದ್ದರೆ ಉಳಿದ ಅಮೋನಿಯಾ ರಕ್ತಕ್ಕೆ ಸೇರಿ, ಪಿತ್ತಜನಕಾಂಗದಲ್ಲಿ ಯೂರಿಯಾ ಆಗುತ್ತದೆ. ಅದರಲ್ಲಿ ಒಂದಷ್ಟು ಜೊಲ್ಲಿನ ಮೂಲಕ ಹೊಟ್ಟೆಗೆ ಮರಳಿದರೂ, ಮಿಕ್ಕದ್ದು ಮೂತ್ರದ ಪಾಲು. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದಾಗ ಕಣ್ಣು ಉರಿಯುವಷ್ಟು ಘಾಟು ಬಂದರೆ, ಗೊಬ್ಬರ ತೆಗೆದು ಎಷ್ಟು ದಿನವಾಯ್ತು ನೋಡಿ, ಜೊತೆಗೆ ಮೇವಿನ ಲೆಕ್ಕವನ್ನೂ ನೋಡಿ.

ಹಾಗಾಗಿ ಮೊದಲು ಕತ್ತರಿಸಿದ ರಾಗಿ ಹುಲ್ಲು ಅಥವಾ ಜೋಳದ ಸಪ್ಪೆ ಹಾಕಿ. ಅರ್ಧ ಹೊಟ್ಟೆ ತುಂಬಲಿ. ಆಮೇಲೆ ಸೊಪ್ಪು, ಅದರ ಜೊತೆಗೇ ಒಂದು ಹಿಡಿ ಮೆಕ್ಕೆಜೋಳದ ನುಚ್ಚು. ನುಚ್ಚನ್ನು ಸಂಜೆಗೆ ಎತ್ತಿಡಬೇಡಿ. ದೊಡ್ಡ ಕುರಿಗೆ ದಿನಕ್ಕೆ 1ರಿಂದ 1.5 ಕೆ.ಜಿ. ಹಸಿ ಸೊಪ್ಪು ಸಾಕು, ಅದನ್ನೂ ಎರಡು ಹೊತ್ತಿಗೆ ಹಂಚಿ. ಹೊಸದಾಗಿ ಶುರು ಮಾಡುವವರು ಒಂದೆರಡು ಹಿಡಿಯಿಂದ ಹತ್ತು ದಿನದಲ್ಲಿ ಅಲ್ಲಿಗೆ ಬನ್ನಿ. ಯೂರಿಯಾ ಬೆರೆಸಿದ ಅಗ್ಗದ ಫೀಡನ್ನು ಇದರ ಜೊತೆ ಕೊಡಲೇಬೇಡಿ. ಇರುವ ಅಮೋನಿಯಾವೇ ಜಾಸ್ತಿ, ಅಲ್ವಾ?

ನನ್ನ ಕೇಳಿದರೆ ಕುದುರೆ ಮಸಾಲೆಯೊಂದನ್ನೇ ನೆಚ್ಚಬಾರದು. ಚಳಿ ದೇಶಗಳ ಮೇವಿನ ಗಿಡವಾದ ಬಿಳಿ ಕ್ಲೋವರಿನದೂ ಇದೇ ಗುಣ, ಬೇಗ ಕರಗಿ ಉಬ್ಬರ ತರುತ್ತದೆ. ಬೇಲಿ ಮೆಂತ್ಯ, ಸುಬಾಬುಲ್ ಸೊಪ್ಪಿನ ಒಗರಿನಲ್ಲಿ ಟ್ಯಾನಿನ್ ಇದೆ. ಅದು ಪ್ರೋಟೀನನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಅರ್ಧ ಬೇಲಿ ಮೆಂತ್ಯ ಬೆರೆಸಿ. ಸುಬಾಬುಲ್ ಮಾತ್ರ ಮೇವಿನ ಮೂರನೇ ಒಂದು ಪಾಲು ಮೀರದಿರಲಿ, ಅದರಲ್ಲಿರುವ ಮಿಮೋಸಿನ್ ಎಂಬ ವಿಷ ಉಣ್ಣೆ ಉದುರಿಸುತ್ತದೆ.

ಎಡ ಪಕ್ಕೆ ಉಬ್ಬಿ ಕುರಿ ಕಾಲು ಝಾಡಿಸತೊಡಗಿದರೆ ಸೊಪ್ಪು ನಿಲ್ಲಿಸಿ. ಅಡುಗೆ ಎಣ್ಣೆ 50 ಮಿ.ಲೀ. ನಿಧಾನವಾಗಿ ಕುಡಿಸಿ, ತಲೆಯನ್ನು ಮೇಲಕ್ಕೆ ಎತ್ತಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋದೀತು. ಸೋಡಾ ಪುಡಿ ಈ ನೊರೆಯನ್ನು ಒಡೆಯುವುದಿಲ್ಲ. ಎಣ್ಣೆ ಕುಡಿಸುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿ.