ಹೆಂಪ್ ಬೀಜದ ಕೊಬ್ಬು: ಅಡುಗೆಮನೆಯಲ್ಲಿ ನಾನು ಬಳಸುವ ಬಗೆ

ಹೆಂಪ್ ಬೀಜವನ್ನು (ಗಾಂಜಾ ಜಾತಿಗೇ ಸೇರಿದ, ಆದರೆ ಅಮಲು ತರದ ಗಿಡದ ಕಾಳು) ಪ್ರೋಟೀನಿಗಾಗಿ ಕೊಳ್ಳುವವರೇ ಹೆಚ್ಚು. ಆದರೆ ಸಿಪ್ಪೆ ತೆಗೆದ 100 ಗ್ರಾಂ ಬೀಜದಲ್ಲಿ ಪ್ರೋಟೀನ್ ಸುಮಾರು 32 ಗ್ರಾಂ ಇದ್ದರೆ ಕೊಬ್ಬು 49 ಗ್ರಾಂ. ಒಟ್ಟು 550ರಷ್ಟು ಕ್ಯಾಲೊರಿಯಲ್ಲಿ ಮುಕ್ಕಾಲಿಗೂ ಮಿಕ್ಕಿ ಬರುವುದು ಈ ಕೊಬ್ಬಿನಿಂದಲೇ. ಹಾಗಾಗಿ ನಾನಿದನ್ನು ಎಣ್ಣೆಕಾಳಿನ ಲೆಕ್ಕಕ್ಕೇ ಸೇರಿಸುತ್ತೇನೆ. ದಿನಕ್ಕೆ 30 ಗ್ರಾಂ, ಅಂದರೆ ದೊಡ್ಡ ಚಮಚದಲ್ಲಿ ತಲೆ ಸವರಿ ಮೂರು. ಅಷ್ಟರಲ್ಲೇ 15 ಗ್ರಾಂ ಕೊಬ್ಬು ಬರುವುದರಿಂದ ಆ ಹೊತ್ತಿನ ಅಡುಗೆಗೆ ಎಣ್ಣೆಯನ್ನು ಒಂದು ಚಮಚ ಕಡಿಮೆ ಹಾಕುತ್ತೇನೆ.

ಆ 49 ಗ್ರಾಂನಲ್ಲಿ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು 5 ಗ್ರಾಂ ಕೂಡ ಇಲ್ಲ. 38 ಗ್ರಾಂ ಬಹು ಅಪರ್ಯಾಪ್ತ (ಪಾಲಿಅನ್‌ಸ್ಯಾಚುರೇಟೆಡ್). ಅದರ ಎರಡು ಬಗೆಗಳಾದ ಒಮೆಗಾ-6 ಮತ್ತು ಒಮೆಗಾ-3 ಹೆಚ್ಚುಕಡಿಮೆ 3ಕ್ಕೆ 1ರ ಪ್ರಮಾಣದಲ್ಲಿರುತ್ತವೆ. ಜೊತೆಗೆ ಗಾಮಾ ಲಿನೋಲೆನಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬೂ ಸ್ವಲ್ಪ ಇದೆ, ಅದು ಬೇರೆ ಕಾಳುಗಳಲ್ಲಿ ಅಪರೂಪ. ಒಮೆಗಾ-3 ಒಂದೇ ಸಾಕು ಎನ್ನುವವರಿಗೆ ಅಗಸೆಯೇ ಲೇಸು, ಅದರಲ್ಲಿ ಇದರ ಎರಡು ಪಟ್ಟಿಗಿಂತ ಹೆಚ್ಚಿದೆ. ಎರಡರಲ್ಲೂ ಇರುವುದು ಸಸ್ಯಮೂಲದ ಒಮೆಗಾ-3. ಮೀನಿನಲ್ಲಿ ಸಿಗುವ ರೂಪಕ್ಕೆ ದೇಹ ಅದನ್ನು ಬದಲಾಯಿಸಿಕೊಳ್ಳುವುದು ತೀರಾ ಕಡಿಮೆ.

ಬೀಜ ಕೆಡುವುದೂ ಈ ಬಹು ಅಪರ್ಯಾಪ್ತ ಕೊಬ್ಬಿನಿಂದಲೇ. ಗಾಳಿ, ಬೆಳಕು, ಬಿಸಿ ಮೂರೂ ಅದಕ್ಕೆ ಆಗದು. ಸಿಪ್ಪೆ ಇದ್ದಾಗ ಕಾಳಿಗೆ ರಕ್ಷಣೆ ಇರುತ್ತದೆ, ತೆಗೆದ ಮೇಲೆ ಇಲ್ಲ. ಪೊಟ್ಟಣ ಒಡೆದ ಕೂಡಲೇ ಗಾಳಿಯಾಡದ ಗಾಜಿನ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡುತ್ತೇನೆ, ಹೆಚ್ಚಿದ್ದರೆ ಫ್ರೀಜರಿನಲ್ಲಿ. ಬಳಸುವ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಬೇಕು. ಒಳ್ಳೆಯ ಬೀಜ ನುಣ್ಣಗೆ, ತುಸು ಸಿಹಿಯಾಗಿ ಬಾದಾಮಿಯಂತಿರುತ್ತದೆ. ಗಂಟಲಲ್ಲಿ ಕಹಿ ಉಳಿದರೆ ಅಥವಾ ಪೇಂಟ್ ಡಬ್ಬಿಯಂಥ ಕಮಟು ವಾಸನೆ ಬಂದರೆ ಎಸೆಯುವುದೇ ಸರಿ. ಹುರಿದರೆ ಆ ಕಮಟು ಹೋಗುವುದಿಲ್ಲ.

ಹುರಿಯುವುದನ್ನು ನಾನು ಮಾಡುವುದೇ ಇಲ್ಲ. ಗಂಜಿಗಾಗಲಿ ಪಲ್ಯಕ್ಕಾಗಲಿ ಒಲೆ ಆರಿಸಿದ ಮೇಲೆಯೇ ಉದುರಿಸುತ್ತೇನೆ. ಬ್ರೆಡ್ಡಿನ ಹಿಟ್ಟಿನೊಳಗೆ ಕಲಸಿದರೆ ಅಡ್ಡಿಯಿಲ್ಲ, ಒಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಮೇಲೆ ಚಿಮುಕಿಸಿದ್ದು ಮಾತ್ರ ಕಂದಾಗಿ ಕಹಿಯಾಗುತ್ತದೆ. ಹೆಂಪ್ ಎಣ್ಣೆಯೂ ಅಷ್ಟೆ: ತಣ್ಣನೆಯ ತಿನಿಸಿನ ಮೇಲೆ ಸುರಿಯಲು ಚೆನ್ನ, ಕರಿಯಲು ಆಗದು.

ಮಿಕ್ಸಿಯಲ್ಲಿ ಸಿಪ್ಪೆ ತೆಗೆದ ಬೀಜ ಪುಡಿಯಾಗುವ ಮೊದಲೇ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪುಡಿಯೇ ಬೇಕೆಂದರೆ ಬೀಜವನ್ನು ಫ್ರೀಜರಿನಲ್ಲಿಟ್ಟು ತಣ್ಣಗಾಗಿಸಿ, ಒಂದೆರಡು ಚಮಚ ಓಟ್ಸ್ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಸಿಪ್ಪೆಯ ಕಾಳನ್ನಂತೂ ಪುಡಿ ಮಾಡದೆ ಅಥವಾ ಚೆನ್ನಾಗಿ ಅಗಿಯದೆ ತಿಂದರೆ ಒಳಗಿನ ಕೊಬ್ಬು ದಕ್ಕದೆ ಹಾಗೇ ಹೊರಬೀಳಬಹುದು.

ಹಾಲು ಮಾಡಲು ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ತಣ್ಣೀರು, ಒಂದು ನಿಮಿಷ ರುಬ್ಬಿದರೆ ಸಾಕು. ಸೋಸುವುದು ಬೇಡ, ಸೋಸಿದರೆ ಕೊಬ್ಬಿನಲ್ಲೊಂದಿಷ್ಟು ಬಟ್ಟೆಯಲ್ಲೇ ಉಳಿಯುತ್ತದೆ. ಕಾಯಿಸಿದರೆ ಒಡೆದು ಗಸಿ ಕಟ್ಟುತ್ತದೆ. ನಿಂತಾಗ ಪದರ ಬೇರೆಯಾದರೆ ಕೆಟ್ಟಿದೆ ಎಂದಲ್ಲ, ಕುಲುಕಿ ಬಳಸಬಹುದು. ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಬೇಕು.