ತೂಬು ಎತ್ತುವ ಹುಡುಗಿ

ಹದಿಮೂರು ವರ್ಷದ ಹುಡುಗಿಯನ್ನು ನಾಯಕಿಯಾಗಿಟ್ಟು ಮಾಂತ್ರಿಕ ಕಾದಂಬರಿ ಬರೆಯಲು ಕೂತಾಗ ನಾನು ಮೊದಲು ಗಟ್ಟಿ ಮಾಡಿಕೊಂಡಿದ್ದು, ಅವಳ ಅಜ್ಜಿಯನ್ನು ಸಾಯಿಸಬಾರದು ಎಂದು. ಈ ಬಗೆಯ ಕಥೆಗಳಲ್ಲಿ ಮಕ್ಕಳು ಎಷ್ಟೋ ಸಲ ಅನಾಥರು. ಬೇಡ ಎನ್ನಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸಾಹಸಕ್ಕೆ ಹೊರಡುವುದು ಸುಲಭ. ಆದರೆ ನಮ್ಮ ಕೋಲಾರದ ಹಳ್ಳಿಗಳಲ್ಲಿ ಮಕ್ಕಳು ಬೆಳೆಯುವುದು ಹತ್ತು ಜನರ ಕಣ್ಣೆದುರು. ಹಿರಿಯರ ಮಾತು ಮೀರಬೇಕು, ರಾತ್ರಿ ಅದೇ ಮನೆಗೆ ಬಂದು ಮುದ್ದೆ ಉಣ್ಣಬೇಕು. ಆ ಇಕ್ಕಟ್ಟೇ ನನಗೆ ಬೇಕಾಗಿತ್ತು.

ಮಂತ್ರದ ಕಟ್ಟಳೆ ಕೆರೆಯಿಂದ ಬಂತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಕೆರೆಯಿಂದ ನೀರು ಬಿಡುವ ತೂಬು ಎತ್ತಿ, ಆ ನೀರುಣ್ಣುವ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ನೀರುಗಂಟಿ. ನನ್ನ ಹುಡುಗಿ ಅವನ ಮೊಮ್ಮಗಳು. ನೆಲದಡಿಯ ನೀರಿನ ಮಾತು ಅವಳಿಗೆ ಕೇಳಿಸುತ್ತದೆ, ಕರೆದರೆ ಬರುತ್ತದೆ. ಆದರೆ ಒಬ್ಬರಿಗೆ ಕರೆದಷ್ಟು ಇನ್ನೊಬ್ಬರಿಗೆ ಕಡಿಮೆ. ಅವಳು ಶಕ್ತಿ ಬಳಸಿದಾಗಲೆಲ್ಲ ಯಾರ ಬಾವಿ ಒಣಗಿತು, ಅವರು ಅವಳಿಗೆ ಏನಾಗಬೇಕು ಎಂದು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕಥೆ ನಡೆದದ್ದು ಆ ನೋಟ್‌ಬುಕ್ಕಿನಿಂದಲೇ. ರಾಕ್ಷಸನೊಬ್ಬನನ್ನು ತರುವ ಅಗತ್ಯ ಬೀಳಲಿಲ್ಲ.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಏರಿತೆಂದು ಸಂತೋಷಪಡುವವರಿದ್ದಾರೆ, ಆ ನೀರಿನ ಬಗ್ಗೆ ಆತಂಕಪಡುವವರೂ ಇದ್ದಾರೆ. ಈಗಿನ ಮಕ್ಕಳು ತುಂಬಿದ ಕೆರೆಯನ್ನೂ ದೊಡ್ಡವರ ಜಗಳವನ್ನೂ ಒಟ್ಟಿಗೇ ನೋಡಿ ಬೆಳೆಯುತ್ತಿದ್ದಾರೆ. ಇಂಥ ಓದುಗರಿಗೆ ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಇನ್ನೊಂದು ಕಡೆ ಎಂದು ಗೆರೆ ಎಳೆದ ಕಥೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಬಹಳ ಸಲ ತಿದ್ದಿದ್ದು ಕೊನೆಯ ಭಾಗವನ್ನು. ಬರಗಾಲದಲ್ಲಿ ಉಳಿದಿರುವುದು ಒಂದೇ ಮಡುವಿನ ನೀರು. ಅದು ಗೆಳತಿಯ ಗದ್ದೆಗೋ, ಕೆಳಗಿನ ಊರಿನ ದನಗಳಿಗೋ?

"ಅಜ್ಜೀ, ತೂಬು ನಾನೇ ಎತ್ತುತ್ತೀನಿ."

"ಎತ್ತಮ್ಮ. ನಾಳೆ ಬಾಗಿಲಿಗೆ ಬಂದು ಕೇಳೋರಿಗೂ ನೀನೇ ಹೇಳ್ಬೇಕು."

ತೂಬು ಎತ್ತಿದ್ದಕ್ಕೆ ಅರ್ಧ ಪುಟ ಸಾಕಾಯಿತು. ಬೆಳಗ್ಗೆ ಬಾಗಿಲಿಗೆ ಬಂದ ಗೆಳತಿಯ ತಾಯಿಗೆ ಹುಡುಗಿ ಅಜ್ಜಿಯ ಸೆರಗಿನ ಹಿಂದೆ ನಿಲ್ಲದೆ ಉತ್ತರ ಕೊಡುವುದಕ್ಕೆ ಇಡೀ ಒಂದು ಅಧ್ಯಾಯ ಕೊಟ್ಟೆ.