ವರ್ಕ್‌ಬೆಂಚ್ ಎಷ್ಟು ಅಗಲ ಇರಬೇಕು? ಟೇಪ್ ಆಮೇಲೆ, ಮೊದಲು ಕೈ ಚಾಚಿ

ನನ್ನ ಮೊದಲ ವರ್ಕ್‌ಬೆಂಚ್ 3 ಅಡಿ ಅಗಲ ಇತ್ತು. ದೊಡ್ಡದಿದ್ದರೆ ಒಳ್ಳೆಯದಲ್ವಾ ಅಂತ ಹಾಗೆ ಮಾಡಿದ್ದೆ. ಆರು ತಿಂಗಳಲ್ಲಿ ಗೋಡೆ ಕಡೆಯ 1 ಅಡಿ ಜಾಗ ತುಕ್ಕು ಹಿಡಿದ ಮೊಳೆ, ಅರ್ಧ ಖಾಲಿಯಾದ ಪೇಂಟ್ ಡಬ್ಬ, ಒಡೆದ ಸ್ವಿಚ್‌ಗಳ ಪಾಲಾಯಿತು. ಅಲ್ಲಿಗೆ ಕೈ ಎಟುಕುತ್ತಿರಲಿಲ್ಲ, ಹಾಗಾಗಿ ಅಲ್ಲಿ ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು. ಆಮೇಲೆ ಬೆಂಚನ್ನು ಬೇರೆ ಕೋಣೆಗೆ ಸಾಗಿಸೋಣ ಅಂದರೆ ಬಾಗಿಲಲ್ಲಿ ಹಿಡಿಸಲಿಲ್ಲ. ಕಾಲು ಬಿಚ್ಚಿ, ಅಡ್ಡ ಮಲಗಿಸಿ ಹೊರಗೆ ತಂದೆವು.

ಆಮೇಲೆ ಹಲವರು ಇದೇ ತಪ್ಪು ಮಾಡುವುದನ್ನು ನೋಡಿದೆ. ಕೆಲವರು ಉಲ್ಟಾ ಮಾಡುತ್ತಾರೆ. ಜಾಗ ಉಳಿಸಲು ಹೋಗಿ ಒಂದೂಕಾಲು ಅಡಿ ಅಗಲದ ಹಲಗೆ ಹಾಕುತ್ತಾರೆ. ವೈಸ್ (ವಸ್ತುವನ್ನು ದವಡೆಗಳ ಮಧ್ಯೆ ಬಿಗಿಯಾಗಿ ಹಿಡಿಯುವ ಉಪಕರಣ) ಕೂರಿಸಿದ ಮೇಲೆ ಸ್ಕ್ರೂಡ್ರೈವರ್ ಇಡಲೂ ಜಾಗ ಇರುವುದಿಲ್ಲ.

ಇಲ್ಲಿ ಅಗಲ ಅಂದರೆ ನೀವು ನಿಲ್ಲುವ ಅಂಚಿನಿಂದ ಗೋಡೆ ಕಡೆಯ ಅಂಚಿನವರೆಗಿನ ಅಳತೆ. ಎಡದಿಂದ ಬಲಕ್ಕೆ ಇರುವುದು ಉದ್ದ, ಅದು ಕೋಣೆಗೆ ತಕ್ಕಂತೆ ಎಷ್ಟಾದರೂ ಇರಲಿ.

1. ಏನು ಕೆಲಸ ಅಂತ ಬರೆದುಕೊಳ್ಳಿ

ಕೂತು ಮಾಡುವ ಸಣ್ಣ ಕೆಲಸವೋ, ನಿಂತು ಮಾಡುವ ಮರದ ಕೆಲಸವೋ? ಮೇಜಿಗೆ ಬಿಗಿಯುವ ಮೆಷಿನ್ ಯಾವುದಾದರೂ ಇದೆಯೋ? ಇಷ್ಟು ಬರೆದರೆ ಸಾಕು.

2. ಎತ್ತರ ಮೊದಲು ಗೊತ್ತು ಮಾಡಿ

ಅಗಲ ಕೇಳಿದರೆ ಎತ್ತರದ ಮಾತೇಕೆ ಅನ್ನಬೇಡಿ. ಮೇಜು ಕೆಳಗಿದ್ದಷ್ಟೂ ಕೈ ಮುಂದೆ ಹೋಗುವುದು ಕಡಿಮೆ. ನಿಂತು ಮಾಡುವ ಸಾಮಾನ್ಯ ರಿಪೇರಿಗೆ ಮೊಣಕೈಗಿಂತ ಸ್ವಲ್ಪ ಕೆಳಗೆ ಮೇಜು ಇರಲಿ. ಕೀಸುಳಿ ಹಾಕಿ ಮರ ನುಣುಪು ಮಾಡುವವರಿಗೆ ಇನ್ನೂ ತಗ್ಗಿರಬೇಕು.

3. ಕೈ ಅಳತೆ

ಬಹಳ ಜನ ಎಡವುವುದು ಇಲ್ಲೇ. ಗೋಡೆಗೆ ಬೆನ್ನು ಕೊಟ್ಟು, ಕೈಯನ್ನು ಭುಜದ ಮಟ್ಟಕ್ಕೆ ನೇರ ಚಾಚಿ, ಬೆರಳ ತುದಿಯವರೆಗೆ ಟೇಪ್ ಹಿಡಿಯುತ್ತಾರೆ. 75 ಸೆಂ.ಮೀ. ಬಂತು, ಹಾಗಾದರೆ ಮೇಜೂ 75 ಸೆಂ.ಮೀ. ಇರಲಿ ಅನ್ನುತ್ತಾರೆ. ಈ ಲೆಕ್ಕದಲ್ಲಿ ಮೂರು ತಪ್ಪಿವೆ.

ಬೆರಳ ತುದಿ ವಸ್ತುವನ್ನು ಮುಟ್ಟುತ್ತದೆ, ಎತ್ತುವುದಿಲ್ಲ. ಎತ್ತುವುದು ಅಂಗೈ. ಹಾಗಾಗಿ ಮುಷ್ಟಿಯವರೆಗೆ ಮಾತ್ರ ಅಳೆಯಿರಿ, ಆಗಲೇ ಸುಮಾರು 10 ಸೆಂ.ಮೀ. ಹೋಯಿತು.

ಎರಡನೆಯದು, ಮೇಜು ಭುಜದ ಮಟ್ಟದಲ್ಲಿ ಇರುವುದಿಲ್ಲ, ಕೈ ಓರೆಯಾಗಿ ಕೆಳಗಿಳಿಯುತ್ತದೆ. ಭುಜದಿಂದ ಮುಷ್ಟಿಗೆ 65 ಸೆಂ.ಮೀ., ಭುಜದಿಂದ ಮೇಜಿನ ಮಟ್ಟಕ್ಕೆ ನೇರ ಕೆಳಗೆ 45 ಸೆಂ.ಮೀ. ಇದೆ ಅಂದುಕೊಳ್ಳಿ. ಶಾಲೆಯಲ್ಲಿ ಕಲಿತ ಪೈಥಾಗರಸ್ ಲೆಕ್ಕ ಹಾಕಿದರೆ ಮುಷ್ಟಿ ಮುಂದೆ ಹೋಗುವುದು ಸುಮಾರು 47 ಸೆಂ.ಮೀ. ಅಷ್ಟೇ! ಟೇಪ್ ಹೇಳಿದ 75 ಎಲ್ಲಿ, ಈ 47 ಎಲ್ಲಿ?

ಮೂರನೆಯದು ಹೊಟ್ಟೆ. ಮೇಜಿನ ಅಂಚಿಗೆ ತಾಗುವುದು ಹೊಟ್ಟೆ, ಭುಜ ಅದಕ್ಕಿಂತ ಹಿಂದೆ ಇರುತ್ತದೆ. ನನ್ನಂಥವರಿಗೆ ಈ ನಷ್ಟ ಸ್ವಲ್ಪ ಜಾಸ್ತಿಯೇ.

ಹಾಗಾಗಿ ಟೇಪ್ ಪಕ್ಕಕ್ಕಿಡಿ. ನಿಮಗೆ ಬೇಕಾದ ಎತ್ತರಕ್ಕೆ ಹತ್ತಿರ ಇರುವ ಯಾವುದಾದರೂ ಮೇಜಿನ ಮೇಲೆ ಹಳೆ ಪೇಪರ್ ಹಾಸಿ. ತಗ್ಗಾಗಿದ್ದರೆ ಕಾಲಿನ ಕೆಳಗೆ ಇಟ್ಟಿಗೆ ಕೊಡಿ. ಕೆಲಸಕ್ಕೆ ಹಾಕುವ ಚಪ್ಪಲಿಯನ್ನೇ ಹಾಕಿ ನಿಲ್ಲಿ. ಮಾರ್ಕರ್ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ತಾಗಿಸಿಕೊಂಡು ಅರ್ಧ ಸುತ್ತು ಗೀಚಿ. ಇದು ಹತ್ತಿರದ ಗೆರೆ. ನಿಜವಾದ ಕೆಲಸವೆಲ್ಲ ನಡೆಯುವುದು ಈ ಗೆರೆಯ ಒಳಗೆ. ಈಗ ಸೊಂಟ ಬಗ್ಗಿಸದೆ ಕೈ ಪೂರ್ತಿ ಚಾಚಿ ಇನ್ನೊಂದು ಗೆರೆ ಎಳೆಯಿರಿ. ಅದು ದೂರದ ಗೆರೆ. ಉಪಕರಣ ಇಡುವುದಕ್ಕೆ ಅಲ್ಲಿಯವರೆಗೆ ಜಾಗ ಸಾಕು.

ಗೆರೆ ಎಳೆದು ಮುಗಿಸಿಬಿಡಬೇಡಿ. ಡ್ರಿಲ್ ಮೆಷಿನ್ ಅಥವಾ ಭಾರದ ಸುತ್ತಿಗೆಯನ್ನು ದೂರದ ಗೆರೆಯ ಮೇಲಿಟ್ಟು ಹತ್ತು ಸಲ ಎತ್ತಿ ಇಳಿಸಿ. ಆರನೇ ಸಲಕ್ಕೇ ಭುಜ ಗೊಣಗಿದರೆ ಗೆರೆಯನ್ನು 5 ಸೆಂ.ಮೀ. ಹತ್ತಿರಕ್ಕೆ ತನ್ನಿ. ಕೂತು ಕೆಲಸ ಮಾಡುವ ಅಭ್ಯಾಸ ಇದ್ದರೆ ಕುರ್ಚಿಯಲ್ಲೂ ಇದನ್ನೇ ಮಾಡಿ, ಎರಡರಲ್ಲಿ ಕಡಿಮೆ ಬಂದ ಅಳತೆ ಇಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರೂ ಬೆಂಚ್ ಬಳಸುವುದಾದರೆ ಕುಳ್ಳಗಿರುವವರ ಗೆರೆಯೇ ಗೆರೆ.

4. ಹಿಂದಿನ ಪಟ್ಟಿ ಸೇರಿಸಿ

ದೂರದ ಗೆರೆ ಆದಮೇಲೆ 10ರಿಂದ 15 ಸೆಂ.ಮೀ. ಸೇರಿಸಿ. ಸ್ಕ್ರೂ ಡಬ್ಬ, ದೀಪದ ಸ್ಟ್ಯಾಂಡ್, ಚಾರ್ಜರ್ ಅಲ್ಲಿ ಕೂರುತ್ತವೆ. ಇವನ್ನು ಎತ್ತಲು ಸ್ವಲ್ಪ ಬಗ್ಗಿದರೆ ತೊಂದರೆ ಇಲ್ಲ, ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ?

ಈ ಲೆಕ್ಕದಲ್ಲಿ ಗೋಡೆಗೆ ಒರಗಿಸುವ ಬೆಂಚಿಗೆ ಹೆಚ್ಚಿನವರಿಗೆ 60 ಸೆಂ.ಮೀ. ಆಸುಪಾಸು ಬರುತ್ತದೆ. 8 ಅಡಿ, 4 ಅಡಿಯ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಸೀಳಿದರೆ 2 ಅಡಿಯ ಎರಡು ಪಟ್ಟಿ ಸಿಗುತ್ತದೆ, ಗರಗಸ ತಿನ್ನುವುದು 2-3 ಮಿ.ಮೀ. ಅಷ್ಟೆ. 18 ಮಿ.ಮೀ. ಪ್ಲೈ ಆದರೆ ಎರಡನ್ನೂ ಅಂಟಿಸಿ 36 ಮಿ.ಮೀ. ದಪ್ಪದ ಗಟ್ಟಿ ಮೇಲ್ಮೈ ಮಾಡಿ. ದಯವಿಟ್ಟು ಪಾರ್ಟಿಕಲ್ ಬೋರ್ಡ್ ತರಬೇಡಿ. ನೋಡಲು ನುಣುಪು, ಆದರೆ ನೀರು ಬಿದ್ದರೆ ಉಬ್ಬುತ್ತದೆ, ಸ್ಕ್ರೂ ಎರಡು ಸಲ ಬಿಚ್ಚಿ ಹಾಕಿದರೆ ತೂತು ಪುಡಿಯಾಗುತ್ತದೆ. ಹಳೆ ಬಾಗಿಲನ್ನೇ ಮೇಜು ಮಾಡುವ ಅಡ್ಡದಾರಿ ಬೇಕಾದರೆ ಹಿಡಿಯಿರಿ, ಅದು ಘನ ಮರದ್ದಾಗಿದ್ದರೆ ಮಾತ್ರ. ಒಳಗೆ ಟೊಳ್ಳಿರುವ ಫ್ಲಶ್ ಡೋರ್ ಮೇಲೆ ಸುತ್ತಿಗೆ ಪೆಟ್ಟು ಹಾಕಿದರೆ ಡೋಲು ಬಾರಿಸಿದ ಹಾಗೆ ಇರುತ್ತದೆ.

ಕೂತು ಮಾಡುವ ಎಲೆಕ್ಟ್ರಾನಿಕ್ಸ್ ತರಹದ ಕೆಲಸಕ್ಕೆ 45-50 ಸೆಂ.ಮೀ. ಸಾಕು. ಮುಂದಕ್ಕೂ ಹಿಂದಕ್ಕೂ ಜಾರುವ ಸ್ಲೈಡಿಂಗ್ ಗರಗಸ ಇದ್ದರೆ ಮಾತ್ರ 75 ಸೆಂ.ಮೀ. ಅಥವಾ ಜಾಸ್ತಿ ಬೇಕಾಗಬಹುದು. ಅದರ ಕಂಬಿ ಪೂರ್ತಿ ಹಿಂದೆ ಸರಿದಾಗ ಗೋಡೆಗೆ ಬಡಿಯಬಾರದು. ಆದರೆ ಆ ಒಂದು ಮೆಷಿನ್‌ಗೋಸ್ಕರ ಇಡೀ ಬೆಂಚ್ ಅಗಲ ಮಾಡಬೇಡಿ, ಅದಕ್ಕೆ ಬೇರೆ ಸ್ಟ್ಯಾಂಡ್ ಕೊಡಿ. ಕೋಣೆಯ ಮಧ್ಯೆ ಇಟ್ಟು ಎರಡೂ ಕಡೆಯಿಂದ ಬಳಸುವ ಬೆಂಚ್ ಆದರೆ 90 ಸೆಂ.ಮೀ. ಮಾಡಿದರೂ ಸರಿ, ಆಚೆ ಅಂಚಿಗೆ ಸುತ್ತಿ ಹೋಗಬಹುದಲ್ಲ.

5. ಬಾಗಿಲು ಅಳೆಯಿರಿ

ಚೌಕಟ್ಟಿನ ಒಳ ಅಳತೆ ಹಿಡಿಯಿರಿ, ಬೆಂಚ್ ಅದರಲ್ಲಿ ಹಿಡಿಸಬೇಕು. ಇಲ್ಲದಿದ್ದರೆ ಕಾಲುಗಳನ್ನು ಬೋಲ್ಟ್ ಹಾಕಿ ಬಿಗಿಯಿರಿ, ಅಂಟು ಹಾಕಬೇಡಿ.

6. ವೈಸ್ ಇಟ್ಟು ನೋಡಿ

ಮೇಲ್ಮೈ ಕತ್ತರಿಸುವ ಮೊದಲು ಗಟ್ಟಿ ರಟ್ಟನ್ನು ಅಷ್ಟೇ ಅಗಲಕ್ಕೆ ಕತ್ತರಿಸಿ, ಅದರ ಮೇಲೆ ವೈಸ್ ಇಡಿ. ವೈಸ್‌ನ ಅಲುಗಾಡದ ದವಡೆ ಮೇಜಿನ ಅಂಚಿಗಿಂತ ಕೂದಲೆಳೆಯಷ್ಟು ಹೊರಗಿರಬೇಕು. ಒಳಗಿದ್ದರೆ ಉದ್ದದ ಪೈಪನ್ನು ನೆಟ್ಟಗೆ ಹಿಡಿಸಿದಾಗ ಅದು ಮೇಜಿಗೆ ತಾಗುತ್ತದೆ. ಹಿಂದೆ ಉಳಿಯುವ ಜಾಗದಲ್ಲಿ ಸ್ಪ್ಯಾನರ್ ಸೆಟ್ ಕೂರುತ್ತದಾ ನೋಡಿ. ವೈಸ್‌ನ ಹಿಡಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಬೆರಳು ಎಲ್ಲೂ ಉಜ್ಜಬಾರದು.

ವೈಸ್ ಯಾವಾಗಲೂ ಮೇಜಿನ ಕಾಲಿನ ಮೇಲೆ ಅಥವಾ ಅದರ ಪಕ್ಕಕ್ಕೇ ಬರಲಿ. ಮಧ್ಯದಲ್ಲಿ ಹಾಕಿದರೆ ಸುತ್ತಿಗೆ ಪೆಟ್ಟಿಗೆ ಹಲಗೆ ಕುಣಿಯುತ್ತದೆ. ಸ್ಕ್ರೂ ಬೇಡ, ಮೇಲಿಂದ ಕೆಳಗೆ ಹಾಯುವ ಬೋಲ್ಟ್, ಕೆಳಗೆ ದೊಡ್ಡ ವಾಷರ್. ಕಿರಿದಾದ ಬೆಂಚ್ ಆದರೆ ಅದನ್ನು ಗೋಡೆಗೂ ಬಿಗಿಯಲೇಬೇಕು. ಬಿಗಿ ನಟ್ ಬಿಚ್ಚಲು ಜೋರಾಗಿ ಎಳೆದಾಗ ಬೆಂಚೇ ನಿಮ್ಮ ಮೇಲೆ ವಾಲುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಕೊರೆಯುವಂತಿಲ್ಲ ಅಂದರೆ ಕೆಳಗಿನ ಹಲಗೆಯ ಮೇಲೆ ಮರಳಿನ ಚೀಲ ಇಡಿ. ಆ ಕೆಳಗಿನ ಹಲಗೆಯನ್ನು ಮುಂದಿನ ಅಂಚಿನಿಂದ ಒಂದು ಗೇಣು ಒಳಕ್ಕೆ ಹಾಕಿ, ಪಾದ ಇಡಲು ಜಾಗ ಬೇಕು.

ರಟ್ಟನ್ನು ಎರಡು ದಿನ ಹಾಗೇ ಬಿಟ್ಟು, ಅದರ ಮುಂದೆ ನಿಂತು ಏನಾದರೂ ಸಣ್ಣ ರಿಪೇರಿ ಮಾಡಿ. ಆಮೇಲೆ ಪ್ಲೈ ಮೇಲೆ ಗೆರೆ ಎಳೆಯಿರಿ.